ಸಾರಜನಕ ಯಾವ ಇಲಾಖೆಗೆ ಸೇರಿದ್ದು?

ಮಣ್ಣು ಪರೀಕ್ಷೆಗೆ ರೈತರು ಮಣ್ಣು ತರುವುದು ಗೊಬ್ಬರದ ಚೀಲದಲ್ಲಿ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲೂ ಹಾಗೆಯೇ ತರುತ್ತಿದ್ದರು, ನಿವೃತ್ತಳಾಗುವ ಹೊತ್ತಿಗೂ ಹಾಗೆಯೇ ತರುತ್ತಿದ್ದರು. ಯಾಕ್ರಪ್ಪಾ ಹೀಗೆ ಎಂದು ಕೇಳಿದರೆ, ಚೆನ್ನಾಗಿ ಒದರಿಯೇ ತಂದಿದ್ದೇವೆ ಎನ್ನುತ್ತಾರೆ. ಹೊಲಿಗೆಯ ಸಂದಿಯಲ್ಲಿ ಉಳಿದ ನಾಲ್ಕು ಹರಳು ಸಾಕು, ಹುಲ್ಲೂ ಹುಟ್ಟದ ಕಲ್ಲುಭೂಮಿ ನಮ್ಮ ವರದಿಯಲ್ಲಿ ರಂಜಕ ತುಂಬಿ ತುಳುಕುವ ಭೂಮಿಯಾಗಿಬಿಡುತ್ತದೆ. ಇನ್ನು ಕೆಲವರು ಹೊಲದ ತನಕ ಯಾಕೆ ಹೋಗುವುದೆಂದು ತಿಪ್ಪೆಯ ಪಕ್ಕದಲ್ಲೇ ಕೆರೆದು ತರುತ್ತಾರೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ತಿಳಿಯಬೇಕಾದದ್ದು ರಸಾಯನಶಾಸ್ತ್ರವಲ್ಲ, ಇದು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನಿಮಗೆ ಕಾಲೇಜಿನಲ್ಲಿ ಕಲಿಸಿರುತ್ತಾರೆ. ಯಂತ್ರ ಹೇಳುವುದಿಲ್ಲ, ಸರಿ. ಚೀಲ ಹೇಳುತ್ತದೆ.

ನಾನು ಸಾಲಿಗ್ರಾಮದ ಕಡೆಯವಳು, ಗದ್ದೆಯ ಮನೆಯಲ್ಲಿ ಹುಟ್ಟಿ ಬೆಳೆದವಳು. ರಸಾಯನಶಾಸ್ತ್ರ ಓದಿ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಸೇರಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳ ಮಣ್ಣು ನಮ್ಮ ಮೇಜಿಗೆ ಬರುತ್ತಿತ್ತು. ಆಗ ಎಲ್ಲವೂ ಕೈಕೆಲಸ. ಮಣ್ಣಿಗೆ ಆಮ್ಲ ಹಾಕಿ, ಕಿತ್ತಳೆ ಬಣ್ಣದ ದ್ರಾವಣ ಹಸಿರಿಗೆ ತಿರುಗುವುದನ್ನು ಕಾಯುತ್ತ ನಿಲ್ಲಬೇಕು. ಅದರಿಂದ ಮಣ್ಣಿನಲ್ಲಿ ಎಷ್ಟು ಇಂಗಾಲ ಇದೆಯೆಂದು ತಿಳಿಯುತ್ತದೆ. ಇಂಗಾಲ ಇಷ್ಟಿದ್ದರೆ ಸಾರಜನಕವೂ ಇಷ್ಟಿರಬಹುದು ಎಂದು ಅಂದಾಜು ಕಟ್ಟಿ ಬರೆಯುತ್ತಿದ್ದೆವು. ಆಮೇಲೆ ಯಂತ್ರಗಳು ಬಂದವು, ಅವುಗಳ ಹಿಂದೆ ಹೊಲದಲ್ಲೇ ಪರೀಕ್ಷೆ ಮಾಡುವ ಸೂಟ್‌ಕೇಸಿನಂಥ ಪೆಟ್ಟಿಗೆಗಳು ಬಂದವು, ಈಗ ಮೊಬೈಲಿನಲ್ಲೇ ಫಲಿತಾಂಶ ಬರುತ್ತದಂತೆ. ಬರಲಿ, ಸಂತೋಷ. ಆದರೆ ಮಣ್ಣು ಎಲ್ಲಿಂದ ಬಂತೆಂದು ಕೇಳುವವರು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಒಮ್ಮೆ ಮೇಲಿನಿಂದ ಆದೇಶ ಬಂತು, ತಿಂಗಳೊಳಗೆ ಇಷ್ಟು ಸಾವಿರ ಮಾದರಿ ಆಗಬೇಕೆಂದು. ಆಗ ನಮ್ಮ ಮೇಲಧಿಕಾರಿಯಾಗಿದ್ದವರು ಪುಟ್ಟಸ್ವಾಮಯ್ಯ. ಒಳ್ಳೆಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಯಾವ ಸತ್ಯದ ಕಡೆಗೂ ತಲೆ ಎತ್ತಿ ನೋಡಿದವರೂ ಅಲ್ಲ. ಮಾದರಿ ತರಲು ಹೋದ ನಮ್ಮ ಸಿಬ್ಬಂದಿಯೊಬ್ಬ ಬಸ್ ನಿಲ್ದಾಣದ ಪಕ್ಕದ ಒಂದೇ ಹೊಲದಲ್ಲಿ ಕೂತು ಇಡೀ ಊರಿನ ಚೀಟಿ ಬರೆದು ಚೀಲ ತುಂಬಿಸಿಕೊಂಡು ಬಂದ. ಫಲಿತಾಂಶ ನೋಡಿದರೆ ಗದ್ದೆಗೂ ಅದೇ ಅಂಕಿ, ಗುಡ್ಡದ ಹೊಲಕ್ಕೂ ಅದೇ ಅಂಕಿ. ನಾನು ಪುಟ್ಟಸ್ವಾಮಯ್ಯನವರ ಮುಂದೆ ಎಲ್ಲವನ್ನೂ ಹರಡಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, ಇಡೀ ಊರಿನ ಮಣ್ಣು ಒಂದೇ ಥರ ಇದೆಯಲ್ಲಮ್ಮ, ರೈತರಿಗೆ ಶಿಫಾರಸು ಬರೆಯಲು ಎಷ್ಟು ಅನುಕೂಲ ಎಂದರು. ತಮಾಷೆಗೆ ಹೇಳಿದರೇನೋ ಎಂದು ಅವರ ಮುಖ ನೋಡಿದೆ. ಇಲ್ಲ, ನಿಜವಾಗಿಯೂ ಸಮಾಧಾನಪಟ್ಟಿದ್ದರು.

ಅದೇ ಅನುಕೂಲದ ದೆಸೆಯಿಂದ ರಾವಂದೂರು ಕಡೆಯ ಕಾಳೇಗೌಡರ ಹೊಗೆಸೊಪ್ಪು ಕೆಟ್ಟಿತು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರಿಗೆ ಇದು ಗೊತ್ತು: ಆ ಬೆಳೆಗೆ ಕೆಂಪು ಪೊಟ್ಯಾಷ್ ಹಾಕಬಾರದು. ಅದರಲ್ಲಿ ಕ್ಲೋರೈಡ್ ಇರುತ್ತದೆ, ಗಿಡ ಅದನ್ನು ಎಲೆಗೆ ಎಳೆದುಕೊಳ್ಳುತ್ತದೆ, ಆ ಎಲೆಗೆ ಬೆಂಕಿ ಹಚ್ಚಿದರೆ ಉರಿಯುವುದಿಲ್ಲ, ಒದ್ದೆ ಬಟ್ಟೆಯಂತೆ ಕಪ್ಪಾಗುತ್ತದೆ. ಉರಿಯದ ಹೊಗೆಸೊಪ್ಪನ್ನು ಯಾರು ಕೊಳ್ಳುತ್ತಾರೆ? ಆದರೆ ಕಂಪ್ಯೂಟರಿನಲ್ಲಿ ಯಾರೋ ಭತ್ತಕ್ಕೆ ಸಿದ್ಧಮಾಡಿದ್ದ ನಮೂನೆಯನ್ನೇ ಎಲ್ಲ ಬೆಳೆಗೂ ಹಾಕಿಬಿಟ್ಟಿದ್ದರು. ನಾವು ಶಿಫಾರಸು ಅಚ್ಚು ಹಾಕಿ ಕೊಡುವ ಮಣ್ಣಿನ ಕಾರ್ಡು ಕಾಳೇಗೌಡರಿಗೂ ಹೋಗಿತ್ತು, ಅದರಲ್ಲಿ ಕೆಂಪು ಪೊಟ್ಯಾಷ್ ಎಂದೇ ಇತ್ತು. ಅವರು ಊರಿನವರ ಮಾತು ಬಿಟ್ಟು ಸರ್ಕಾರದ ಕಾಗದ ನಂಬಿದರು.

ಕಾಳೇಗೌಡರು ಒಂದು ಮುಷ್ಟಿ ಎಲೆ ತಂದು ನನ್ನ ಮೇಜಿನ ಮೇಲಿಟ್ಟು ಕಡ್ಡಿ ಗೀರಿದರು. ಬೆಂಕಿ ಎಲೆಯ ಅಂಚಿಗೆ ಬಂದು ನಂದಿತು. ಇನ್ನೊಂದು ಕಡ್ಡಿ ಗೀರಿದರು. ಅದೂ ನಂದಿತು. ಬೈಯಲಿಲ್ಲ. ಕಡ್ಡಿಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೋದರು. ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಆ ಕಾರ್ಡುಗಳನ್ನೆಲ್ಲ ವಾಪಸ್ ತರಿಸೋಣ ಎಂದು ನಾನು ಪಟ್ಟು ಹಿಡಿದರೆ, ಹಾಗೆ ಮಾಡಿದರೆ ತಪ್ಪಾಗಿದೆ ಎಂದು ಒಪ್ಪಿಕೊಂಡಂತೆ ಆಗುತ್ತದೆ ಎಂದರು ಪುಟ್ಟಸ್ವಾಮಯ್ಯ. ತಪ್ಪಾಗಿದೆ ಸಾರ್ ಎಂದೆ. ಅದು ನನಗೂ ಗೊತ್ತು, ಒಪ್ಪಿಕೊಳ್ಳೋದು ಬೇರೆ ವಿಷಯ ಎಂದರು. ಕೊನೆಗೆ ರಜೆ ಹಾಕಿ ಬಸ್ಸಿನಲ್ಲಿ ಊರೂರು ತಿರುಗಿ, ಹಾಲಿನ ಡೇರಿಗಳ ಮುಂದೆ ನಿಂತು, ಕಾರ್ಡಿನಲ್ಲಿ ಬರೆದದ್ದನ್ನು ಹಾಕಬೇಡಿ ಎಂದು ಹೇಳಿ ಬಂದೆ. ಸರ್ಕಾರವೇ ಬರೆದದ್ದನ್ನು ಸರ್ಕಾರದವಳೇ ಬೇಡ ಎನ್ನುತ್ತಾಳಲ್ಲ ಎಂದು ಜನ ನನ್ನನ್ನೇ ಅನುಮಾನದಿಂದ ನೋಡಿದರು.

ಕೆ.ಆರ್. ನಗರದ ನಾಲೆಯ ಬಯಲಿಗೆ ಬನ್ನಿ. ಅಲ್ಲಿನವರಿಗೆ ಹಸಿರು ಸಾಲದು, ಕಪ್ಪು ಹಸಿರು ಬೇಕು. ಪಕ್ಕದವನ ಗದ್ದೆ ತನ್ನದಕ್ಕಿಂತ ಒಂದು ಛಾಯೆ ಕಪ್ಪಾಗಿ ಕಂಡರೆ ಆ ದಿನ ಊಟ ಸೇರುವುದಿಲ್ಲ. ನಿಂತ ನೀರಿಗೆ ಯೂರಿಯಾ ಎರಚುತ್ತಾರೆ. ಒಂದು ಪಾಲು ಗಾಳಿಗೆ ಹೋಗುತ್ತದೆ, ಒಂದು ಪಾಲು ನೀರಿನ ಜೊತೆ ಬಸಿಗಾಲುವೆಗೆ ಇಳಿಯುತ್ತದೆ, ಉಳಿದದ್ದು ಭತ್ತಕ್ಕೆ. ನೀರು ಬಸಿದು, ಮಣ್ಣಿಗೆ ಸೇರಿಸಿ ಹಾಕಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಆ ಬಸಿಗಾಲುವೆಯ ತುತ್ತತುದಿಯಲ್ಲಿ ಒಬ್ಬರ ಗದ್ದೆ ಇತ್ತು. ಅವರು ಒಂದು ಹಿಡಿ ಗೊಬ್ಬರವನ್ನೂ ಹಾಕುವುದಿಲ್ಲ, ಆದರೂ ಭತ್ತ ಸೊಂಪಾಗಿ ಬರುತ್ತದೆ. ತಾಲ್ಲೂಕಿನಲ್ಲಿ ಅವರಿಗೆ ಶಾಲು ಹೊದಿಸಿ ಸಹಜ ಕೃಷಿಕ ಎಂದು ಸನ್ಮಾನ ಮಾಡಿದರು. ಮೇಲಿನ ಮೂವತ್ತು ಗದ್ದೆಯವರ ಯೂರಿಯಾ ಇವರ ಗದ್ದೆಗೆ ಬಂದು ಇಳಿಯುತ್ತಿದೆ ಎಂದು ನಾನು ವೇದಿಕೆಯ ಕೆಳಗೆ ಪುಟ್ಟಸ್ವಾಮಯ್ಯನವರ ಕಿವಿಯಲ್ಲಿ ಹೇಳಿದೆ. ಅವರು ಚಪ್ಪಾಳೆ ತಟ್ಟುತ್ತಲೇ, ಇವತ್ತು ಬೇಡಮ್ಮ ಎಂದರು.

ಇವೆಲ್ಲ ನಗುವ ಮಾತು. ಈಗ ಹೇಳುವುದು ನಗುವ ಮಾತಲ್ಲ. ಇದನ್ನು ಹೇಳಬೇಕೆಂದೇ ಬರೆಯಲು ಕುಳಿತೆ.

ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಹಳ್ಳಿ. ಊರು ಇರುವುದು ತಗ್ಗಿನಲ್ಲಿ, ಊರಿನ ನಡುವೆ ಕಲ್ಲು ಕಟ್ಟಿದ ಸಿಹಿನೀರಿನ ಬಾವಿ. ಬಾವಿಯ ಮೇಲ್ಭಾಗದ ದಿಣ್ಣೆಯಲ್ಲಿ ಚಿಕ್ಕೇಗೌಡ ಎಂಬವರ ಜಮೀನು. ಹಿಂದೆ ಅದರಲ್ಲಿ ರಾಗಿ, ಹತ್ತಿ ಬೆಳೆಯುತ್ತಿದ್ದರು. ಆ ವರ್ಷಗಳಲ್ಲಿ ನಮ್ಮ ಕಡೆಯೆಲ್ಲ ನಡೆದಂತೆ, ಅವರೂ ಅದನ್ನು ಶುಂಠಿ ಬೆಳೆಯಲು ಕೇರಳದ ತಂಗಚ್ಚನ್ ಎಂಬವನಿಗೆ ಗುತ್ತಿಗೆಗೆ ಕೊಟ್ಟಿದ್ದರು. ಶುಂಠಿ ಹೊಟ್ಟೆಬಾಕ ಬೆಳೆ. ಕೋಳಿಗೊಬ್ಬರ ಲೋಡುಗಟ್ಟಲೆ ಬರುತ್ತದೆ, ಅದರ ಮೇಲೆ ಯೂರಿಯಾ, ಅದರ ಮೇಲೆ ದಿನವೂ ತುಂತುರು ನೀರು. ಆ ಕೆಂಪು ಮರಳು ಮಣ್ಣು ಜರಡಿಯಿದ್ದಂತೆ, ಬೇರು ಹಿಡಿದಷ್ಟು ಹಿಡಿದೀತು, ಉಳಿದದ್ದೆಲ್ಲ ನೀರಿನ ಜೊತೆ ಕೆಳಗೆ. ಬೆಳೆ ಹೊಲದಲ್ಲಿರುವಾಗಲೇ ಭೂಮಿ ಏನಾಗುತ್ತಿದೆ ನೋಡೋಣವೆಂದು ನಾನು ಅಲ್ಲಿಗೆ ಮಣ್ಣು ತೆಗೆಯಲು ಹೋಗಿದ್ದೆ.

ಹಳ್ಳಿಗಳಲ್ಲಿ ಜೀಪಿನಿಂದ ಹೆಂಗಸೊಬ್ಬಳು ಇಳಿದರೆ ಅವಳು ನರ್ಸಮ್ಮನೇ. ನನ್ನನ್ನು ಎಷ್ಟೋ ಸಲ ತಲೆನೋವಿನ ಮಾತ್ರೆ ಕೇಳಿದ್ದಾರೆ, ನಾನು ಸಿಡುಕಿದ್ದೇನೆ. ಅವತ್ತು ದಿಣ್ಣೆಯಿಂದ ಇಳಿದು ಬರುವಾಗ ಒಬ್ಬ ಹುಡುಗಿ, ಚಿಕ್ಕೇಗೌಡರ ಸೊಸೆ ಶೋಭ, ಎದೆಗೆ ಮಗುವನ್ನು ಒತ್ತಿಕೊಂಡು ಓಡಿಬಂದಳು. ನಾನು ನರ್ಸ್ ಅಲ್ಲಮ್ಮ ಎನ್ನುವಷ್ಟರಲ್ಲಿ ಸೆರಗು ಸರಿಸಿ ಮಗುವಿನ ಮುಖ ತೋರಿಸಿದಳು.

"ಮೂರು ದಿವ್ಸದಿಂದ ಭೇದಿ ಕಣಕ್ಕಾ. ಇವತ್ತು ತುಟಿ ಇಂಗಾಗದೆ. ಅಳಾದ್ನೂ ಬುಟ್ಟದೆ."

ತುಟಿ, ಉಗುರು, ಕಿವಿಯ ತುದಿ ಎಲ್ಲ ನೇರಳೆ ಬಣ್ಣಕ್ಕೆ ತಿರುಗಿದ್ದವು. ಹಾಲು ಕುಡಿಯುವ ಕೂಸು, ಇನ್ನೂ ಕತ್ತು ನಿಂತಿರಲಿಲ್ಲ. ಡ್ರೈವರ್‌ಗೆ ಜೀಪ್ ತಿರುಗಿಸಲು ಹೇಳಿದೆ. ಕೋಟೆಯ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು, ಬಣ್ಣ ಬದಲಾಗಲಿಲ್ಲ, ಮೈಸೂರಿಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಶೋಭಳ ಪಕ್ಕದಲ್ಲಿ ನಾನೇ ಕುಳಿತೆ. ಅವಳ ಗಂಡ ಲಾರಿಯಲ್ಲಿ ಹೊರಗೆ ಹೋಗಿದ್ದ, ಮಾವನಿಗೆ ಆಸ್ಪತ್ರೆಯೆಂದರೆ ಭಯ. ದಾರಿಯುದ್ದಕ್ಕೂ ಅವಳು ಮಗುವಿನ ಕಾಲನ್ನು ಉಜ್ಜುತ್ತಲೇ ಇದ್ದಳು. ಚಳಿಗೆ ಹೀಗಾಗಿರಬಹುದು ಅಲ್ವಾ ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ನಾನೂ ಮಗುವಿನ ಇನ್ನೊಂದು ಕಾಲನ್ನು ಉಜ್ಜತೊಡಗಿದೆ.

ಮೈಸೂರಿನ ಡಾಕ್ಟರು, ನನ್ನ ಮಗಳ ವಯಸ್ಸಿನ ಹೆಣ್ಣುಮಗಳು, ಮಗುವಿನ ರಕ್ತ ತೆಗೆದಳು. ಅದು ಕೆಂಪಗಿರಲಿಲ್ಲ, ಕಾಫಿ ಡಿಕಾಕ್ಷನ್ ಹಾಗೆ ಕಂದುಬಣ್ಣವಾಗಿತ್ತು. ಆಕೆ ಕೇಳಿದ ಮೊದಲ ಪ್ರಶ್ನೆ, ಮಗುವಿಗೆ ಏನು ಕುಡಿಸ್ತೀರಿ? ಹೆರಿಗೆಯಾದ ಮೇಲೆ ಶೋಭಳಿಗೆ ಜ್ವರ ಬಂದು ಹಾಲು ಬತ್ತಿತ್ತು, ಡಬ್ಬಿಯ ಹಾಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಕೊಡುತ್ತಿದ್ದಳು. ಯಾವ ನೀರು? ಊರ ಬಾವಿಯ ನೀರು. ಕಾಯಿಸಿಯೇ ಕೊಡುತ್ತೇನೆ, ಚೆನ್ನಾಗಿ ಕುದಿಸುತ್ತೇನೆ ಎಂದಳು ಶೋಭ. ಭೇದಿ ಶುರುವಾದ ಮೇಲೆ ಇನ್ನೂ ಜಾಸ್ತಿ ಹೊತ್ತು ಕುದಿಸಿದಳಂತೆ.

ದಿಣ್ಣೆ, ಕೋಳಿಗೊಬ್ಬರ, ತುಂತುರು ನೀರು, ತಗ್ಗಿನ ಬಾವಿ ಎಲ್ಲ ನನ್ನ ಕಣ್ಣ ಮುಂದೆ ಒಂದೇ ಗೆರೆಯಲ್ಲಿ ಬಂದು ನಿಂತವು. ಗೊಬ್ಬರದ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ, ನೀರಿನಲ್ಲಿ ಕರಗಿ ಇಳಿಯುತ್ತದೆ. ದೊಡ್ಡವರು ಕುಡಿದರೆ ಗೊತ್ತೇ ಆಗುವುದಿಲ್ಲ. ಎಳೆಗೂಸಿನ ಹೊಟ್ಟೆಯಲ್ಲಿ ಮಾತ್ರ ಅದು ರೂಪ ಬದಲಿಸಿ ರಕ್ತಕ್ಕೆ ಸೇರಿ, ರಕ್ತ ಉಸಿರನ್ನು ಹೊರದಂತೆ ಮಾಡುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಆ ತಾಯಿ ಎಲ್ಲರೂ ಹೇಳಿದ ಬುದ್ಧಿಮಾತನ್ನು ಶ್ರದ್ಧೆಯಿಂದ ಪಾಲಿಸಿದ್ದಳು, ಪಾಲಿಸಿದಷ್ಟೂ ಮಗು ನೀಲಿಯಾಗಿತ್ತು.

ಡಾಕ್ಟರು ಸೂಜಿಯಲ್ಲಿ ಕೊಟ್ಟ ಔಷಧಿ ಕೂಡ ನೀಲಿಯದೇ. ಕಡುನೀಲಿ ಔಷಧಿ ಮಗುವಿನ ಕೈಯೊಳಗೆ ಹೋಗುವುದನ್ನು ಕಂಡು ಶೋಭ ಗೋಡೆಗೆ ತಲೆಯಿಟ್ಟಳು. ಸ್ವಲ್ಪ ಹೊತ್ತಿಗೆ ತುಟಿಯ ನಡುವೆ ಗುಲಾಬಿ ಬಣ್ಣ ಕಂಡಿತು. ಆಮೇಲೆ ಮಗು ಅತ್ತಿತು. ಅಷ್ಟು ಕರ್ಕಶವಾಗಿ ಅಳುವ ಮಗುವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ವಾರ್ಡಿನವರೆಲ್ಲ ತಿರುಗಿ ನೋಡಿದರು.

ಮಾರನೆಯ ದಿನ ಬಾವಿಯ ನೀರು ತಂದು ನಾನೇ ಪರೀಕ್ಷೆ ಮಾಡಿದೆ. ನೈಟ್ರೇಟ್ ಇದ್ದರೆ ದ್ರಾವಣ ಹಳದಿಯಾಗುತ್ತದೆ, ಜಾಸ್ತಿ ಇದ್ದಷ್ಟೂ ಕಡುಹಳದಿ. ನನ್ನ ಮುಂದಿದ್ದ ಗಾಜಿನ ನಳಿಗೆಯಲ್ಲಿ ಅರಿಸಿನ ಕದಡಿದಂತಿತ್ತು. ಯಂತ್ರದಲ್ಲೂ ನೋಡಿದೆ, ಕುಡಿಯುವ ನೀರಿನ ಮಿತಿಯನ್ನು ಎಷ್ಟೋ ದಾಟಿತ್ತು. ಓಡಿ ಹೋಗಿ ಪುಟ್ಟಸ್ವಾಮಯ್ಯನವರಿಗೆ ತೋರಿಸಿದರೆ, ಅವರು ಮೊದಲು ಕೇಳಿದ್ದು ಜೀಪಿನ ವಿಷಯ. ಮಣ್ಣಿನ ಕೆಲಸಕ್ಕೆ ಕೊಟ್ಟ ಜೀಪು ಆಸ್ಪತ್ರೆಗೆ ಯಾಕೆ ಹೋಯಿತು? ಆಮೇಲೆ, ಕುಡಿಯುವ ನೀರು ನಮ್ಮ ಇಲಾಖೆಯದಲ್ಲವಲ್ಲಮ್ಮ ಎಂದರು.

ಸರಿ, ನೀರಿನವರ ಹತ್ತಿರ ಹೋದೆ. ಅಲ್ಲಿನ ಎಂಜಿನಿಯರು, ನಾವು ಆ ಬಾವಿಯನ್ನು ಕ್ರಿಮಿಗೆ ಪರೀಕ್ಷೆ ಮಾಡಿದ್ದೇವೆ, ಕುಡಿಯಲು ಯೋಗ್ಯ ಎಂದಿದೆ ಎಂದರು. ನೈಟ್ರೇಟ್ ನೋಡಿದ್ದೀರಾ ಎಂದೆ. ಮಣ್ಣಿನಿಂದ ಬಂದದ್ದು ಅಂತ ನೀವೇ ಹೇಳ್ತಿದ್ದೀರಿ, ಮಣ್ಣು ನಿಮ್ಮದಲ್ವಾ ಮೇಡಂ ಎಂದರು. ಗೊಬ್ಬರ ಹಾಕಿದ್ದು ಶುಂಠಿಗೆ. ಶುಂಠಿ ಕೃಷಿಗೆ ಸೇರುವುದಿಲ್ಲ, ತೋಟಗಾರಿಕೆಗೆ ಸೇರುತ್ತದೆ. ಅಲ್ಲಿಗೂ ಹೋದೆ. ಗುತ್ತಿಗೆಯವನು ಸಹಾಯಧನ ತೆಗೆದುಕೊಂಡಿಲ್ಲ, ಆದ್ದರಿಂದ ನಮ್ಮ ಲೆಕ್ಕದಲ್ಲಿ ಅಲ್ಲಿ ಶುಂಠಿಯೇ ಇಲ್ಲ ಎಂದರು. ಆರೋಗ್ಯದವರು ಮಾತ್ರ ಖುಷಿಯಾಗಿದ್ದರು: ಮಗು ಹುಷಾರಾಗಿದೆ, ಕೇಸ್ ಮುಗಿಯಿತು. ನಾನು ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗಾಳಿಯಿಂದ ಗೊಬ್ಬರದ ಕಾರ್ಖಾನೆಗೆ, ಕಾರ್ಖಾನೆಯಿಂದ ಚೀಲಕ್ಕೆ, ಚೀಲದಿಂದ ಮಣ್ಣಿಗೆ, ಮಣ್ಣಿನಿಂದ ನೀರಿಗೆ, ನೀರಿನಿಂದ ಮಗುವಿನ ರಕ್ತಕ್ಕೆ ಸಾರಜನಕ ಒಂದೇ ಸಮನೆ ನಡೆದುಕೊಂಡು ಬಂದಿತ್ತು. ಅದನ್ನು ಹಿಂಬಾಲಿಸಲು ಹೊರಟ ನಾನು ಮಾತ್ರ ಪ್ರತಿ ಬಾಗಿಲಲ್ಲೂ ನಿಲ್ಲಬೇಕಾಯಿತು. ಕಿರಿಯರೇ, ನೀವು ಸೇರುವ ಇಲಾಖೆಗೆ ಗಡಿ ಇರುತ್ತದೆ. ನೀವು ಅಳೆಯುವ ವಸ್ತುವಿಗೆ ಇರುವುದಿಲ್ಲ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ಕೊನೆಗೆ ಆ ಹಳ್ಳಿಗೇ ಹೋಗಿ, ಬಾವಿಕಟ್ಟೆಯ ಹತ್ತಿರ ಜನರನ್ನು ಸೇರಿಸಿ ವಿಷಯ ಹೇಳಿದೆ. ನನ್ನ ಹಳದಿ ನಳಿಗೆಯನ್ನೂ ಕೊಂಡೊಯ್ದಿದ್ದೆ. ಒಬ್ಬರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ಆ ನೀರಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಸುತ್ತಲ ಬೋರ್‌ವೆಲ್‌ಗಳ ಚೊಗರು ನೀರಿನ ಮುಂದೆ ಅದು ಎಳನೀರು. ಅದರಲ್ಲಿ ಬೇಳೆ ಬೇಗ ಬೇಯುತ್ತದೆ ಎಂದು ನಂಟರೂ ಕ್ಯಾನಿನಲ್ಲಿ ಒಯ್ಯುತ್ತಿದ್ದರು. ನಳಿಗೆಗೆ ಬಣ್ಣ ಹಾಕಿದ್ದು ಮೇಡಮ್ಮನೇ ಎಂದು ಯಾರೋ ಹಿಂದಿನಿಂದ ಅಂದರು. ಎಲ್ಲರಿಗಿಂತ ಹೆಚ್ಚು ಸಿಟ್ಟಾದವರು ಚಿಕ್ಕೇಗೌಡರು. ಮೊಮ್ಮಗು ಸಾಯುವುದರಲ್ಲಿತ್ತು ಎಂಬುದು ಅವರ ತಲೆಯಲ್ಲಿ ಒಂದು ಕಡೆ ಇತ್ತು, ಮೇಲಿನ ಹೊಲ ತಮ್ಮದು ಎಂಬುದು ಇನ್ನೊಂದು ಕಡೆ ಇತ್ತು. ಎರಡನ್ನೂ ಜೋಡಿಸಲು ಅವರು ಒಪ್ಪಲಿಲ್ಲ.

"ನಮ್ಮಪ್ಪನ ಕಾಲ್ದಿಂದ ಕುಡೀತಾ ಇವ್ನಿ. ನಂಗೇನಾಗದೆ? ನಮ್ಮೂರ್ ನೀರ್ ವಿಷ ಅಂತ ಸುದ್ದಿ ಅಬ್ಸುದ್ರೆ ನಾಳೀಕ್ ನಮ್ ಭೂಮಿ ಯಾರ್ ಮುಟ್ಟಾರು?"

ನಾನು ಇನ್ನೊಮ್ಮೆ ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಗಸರ ನಡುವೆ ಕುಳಿತಿದ್ದ ಶೋಭ ಎದ್ದು ನಿಂತಳು. ಮಾವನ ಎದುರು ಅವಳು ಮಾತಾಡಿದ್ದನ್ನು ಊರು ಅದುವರೆಗೆ ಕೇಳಿರಲಿಲ್ಲವಂತೆ. ದನಿ ಏರಿಸಲಿಲ್ಲ.

"ನೀವ್ ಕುಡೀರಿ ಮಾವ, ನಾನ್ ಬ್ಯಾಡ ಅನ್ನಕ್ಕಿಲ್ಲ. ನನ್ ಮಗೀಗೆ ಈ ನೀರು ಕೊಡಕ್ಕಿಲ್ಲ. ಅದ್ರ ತುಟಿ ನೀವ್ ನೋಡ್ಲಿಲ್ಲ, ನಾನ್ ನೋಡಿವ್ನಿ."

ಚಿಕ್ಕೇಗೌಡರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಸಭೆ ಅಲ್ಲಿಗೆ ಮುರಿಯಿತು.

ಆ ಹೊತ್ತಿನಲ್ಲಿ ಕೆಲಸಕ್ಕೆ ಬಂದವನು, ನಾನು ಜಗಳವಾಡಲೆಂದೇ ಹುಡುಕಿಕೊಂಡು ಹೋದ ತಂಗಚ್ಚನ್. ಶುಂಠಿ ಹೊಲದ ಅವನ ಶೆಡ್ಡಿನ ಮುಂದೆ ನಿಂತು ನಾನು ಒಂದೇ ಉಸಿರಿಗೆ ಬೈದೆ. ಅವನು ಕೇಳಿಸಿಕೊಂಡ. ಗೊಬ್ಬರ ಹಾಕದಿದ್ದರೆ ಶುಂಠಿ ಬರುವುದಿಲ್ಲ, ಮುಂದಿನ ವರ್ಷ ತಾನು ಈ ಭೂಮಿಯಲ್ಲಿ ಇರುವುದಿಲ್ಲ, ನೀರು ಎಲ್ಲಿಗೆ ಇಳಿಯುತ್ತದೆಂದು ತನಗೆ ಯಾರೂ ಹೇಳಲಿಲ್ಲ ಎಂದ. ಅವನ ಆಳುಗಳೂ ಅದೇ ಬಾವಿಯ ನೀರು ಕುಡಿಯುತ್ತಿದ್ದರು, ಅವರಲ್ಲಿ ಒಬ್ಬಳು ಬಸುರಿ. ಅದನ್ನು ನಾನು ನೆನಪಿಸಿದಾಗ ಅವನು ಶೆಡ್ಡಿನ ಪಕ್ಕಕ್ಕೆ ಕೈ ತೋರಿಸಿದ. "ಮೇಡಂ, ಟ್ಯಾಂಕರ್ ಉಂಟು ನಮ್ಮತ್ರ. ಎಲ್ಲಿ ಒಳ್ಳೆ ನೀರು ಅಂತ ನೀವು ನೋಡಿ ಹೇಳಿ, ನಾನು ತರಿಸ್ತೇನೆ" ಎಂದ.

ನಾಲ್ಕು ಇಲಾಖೆಯವರು ಮಾಡದ್ದನ್ನು ಅವನು ಮಾಡಿದ. ನಾನು ಸುತ್ತಲ ನೀರನ್ನೆಲ್ಲ ಪರೀಕ್ಷಿಸಿ, ದಿಣ್ಣೆಯ ಆಚೆ ಬದಿಯ ಒಂದು ಕೊಳವೆಬಾವಿಯನ್ನು ತೋರಿಸಿದೆ. ರುಚಿ ಚೊಗರು, ಆದರೆ ನೈಟ್ರೇಟ್ ಇಲ್ಲ. ಅವನ ಟ್ರ್ಯಾಕ್ಟರ್ ಬೆಳಿಗ್ಗೆ ಅಂಗನವಾಡಿಯ ಮುಂದೆ ನೀರು ಇಳಿಸುತ್ತಿತ್ತು. ಮೊದಲಿಗೆ ಶೋಭ ಒಬ್ಬಳೇ ಬಿಂದಿಗೆ ಹಿಡಿದು ನಿಂತಳು. ಆಮೇಲೆ ಚಿಕ್ಕ ಮಕ್ಕಳ ತಾಯಂದಿರು ಒಬ್ಬೊಬ್ಬರಾಗಿ ಬಂದರು. ಅವಳು ನೈಟ್ರೇಟ್ ಎಂಬ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ, ಮಗುವಿನ ತುಟಿ ಯಾವ ಬಣ್ಣಕ್ಕೆ ತಿರುಗಿತ್ತು ಎಂದಷ್ಟೇ ಹೇಳುತ್ತಿದ್ದಳು. ತಂಗಚ್ಚನ್ ಶುಂಠಿ ಕಿತ್ತು ಊರು ಬಿಡುವವರೆಗೂ ಟ್ಯಾಂಕರ್ ಬಂತು. ಅವನು ಹೋಗಿ ಎಷ್ಟೋ ಕಾಲವಾದ ಮೇಲೆ ಪಂಚಾಯಿತಿಯವರು ಆ ಕೊಳವೆಬಾವಿಯಿಂದ ಪೈಪ್ ಎಳೆದರು. ಈ ನೀರು ಕುಡಿಯಬಾರದೆಂಬ ಗುರುತಿಗೆ ಬಾವಿಯ ಕಟ್ಟೆಗೆ ಕೆಂಪು ಬಣ್ಣ ಹೊಡೆಸಲು ನಾನು ಇನ್ನಷ್ಟು ಅಲೆದೆ. ಅದು ಯಾರ ಇಲಾಖೆಗೆ ಸೇರಿದ ಬಣ್ಣವೋ ಇವತ್ತಿಗೂ ಗೊತ್ತಿಲ್ಲ.

ಶುಂಠಿ ಹೋಯಿತು, ಅದು ಬಿಟ್ಟುಹೋದ ನೈಟ್ರೇಟ್ ಮಣ್ಣಿನಲ್ಲಿತ್ತು. ಮಳೆ ಬಂದರೆ ಮತ್ತೆ ಇಳಿಯುತ್ತದೆ. ಆ ಹೊಲಕ್ಕೆ ರಾಗಿ ಹಾಕಿ, ಅದರ ಬೇರು ಉಳಿದದ್ದನ್ನೆಲ್ಲ ಹೀರಿಕೊಳ್ಳುತ್ತದೆ, ಆದರೆ ಒಂದು ಹಿಡಿ ಗೊಬ್ಬರವನ್ನೂ ಹಾಕಬೇಡಿ ಎಂದು ಚಿಕ್ಕೇಗೌಡರಿಗೆ ಹೇಳಿಕಳಿಸಿದೆ. ಅವರು ರಾಗಿ ಹಾಕಿದರು. ಆದರೆ ನನ್ನ ಮಾತು ಕೇಳಿದರೆಂದು ಊರಿನವರಿಗೆ ಗೊತ್ತಾಗಬಾರದಲ್ಲ, ಸುಮ್ಮನೆ ಒಂದು ಚೀಲ ಯೂರಿಯಾ ಎರಚಿದರು. ರಾಗಿ ಆಳೆತ್ತರ ಬೆಳೆದು, ತೆನೆ ಹಾಲು ತುಂಬುವ ಹೊತ್ತಿಗೆ ನೆಲಕ್ಕೆ ಮಲಗಿತು. ಹಂದಿಗೂ ಅಳಿಲಿಗೂ ಹಬ್ಬ. ಮುಂದಿನ ವರ್ಷ ಏನೂ ಹಾಕಲಿಲ್ಲ. ಕೈತುಂಬ ಬೆಳೆ ಬಂತು. ತಮ್ಮ ತಾತನವರು ಹೀಗೇ ಬೆಳೆಯುತ್ತಿದ್ದರು, ಈಗಿನವರಿಗೆ ಏನು ಗೊತ್ತು ಎಂದು ಅರಳಿಕಟ್ಟೆಯಲ್ಲಿ ಹೇಳಿಕೊಂಡರಂತೆ. ಶೋಭ ಫೋನಿನಲ್ಲಿ ಇದನ್ನು ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ, ಮೈ ಉರಿಯಿತು.

ಅವಳು ಪ್ರತಿ ವರ್ಷ ಸಂಕ್ರಾಂತಿ ಮುಗಿದ ಮೇಲೆ ಬಾಟಲಿಯಲ್ಲಿ ಬಾವಿಯ ನೀರು ಕಳಿಸುವುದನ್ನು ರೂಢಿ ಮಾಡಿಕೊಂಡಳು. ಬಾಟಲಿಯನ್ನು ಅದೇ ಬಾವಿಯ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸುತ್ತಿದ್ದಳು, ನಾನು ಒಮ್ಮೆ ಹೇಳಿದ್ದು ಸಾಕಾಯಿತು. ನಮ್ಮ ತರಬೇತಿ ಪಡೆದ ಸಿಬ್ಬಂದಿಗೆ ಹತ್ತು ಸಲ ಹೇಳಿದರೂ ಆಗುತ್ತಿರಲಿಲ್ಲ. ಮೊದಲ ವರ್ಷ ಹಳದಿ ಇಳಿಯಲಿಲ್ಲ. ಎರಡನೆಯ ವರ್ಷ ಇನ್ನೂ ಏರಿತು, ಮಣ್ಣಿನ ಆಳದಲ್ಲಿದ್ದದ್ದು ಆಗ ಬಂದು ತಲುಪಿತ್ತು. ಹೊಲದಲ್ಲಿ ನಿಲ್ಲಿಸಿದ್ದು ಬಾವಿಯಲ್ಲಿ ನಿಲ್ಲಲು ವರ್ಷಗಳೇ ಬೇಕು. ಇದನ್ನು ಯೋಜನೆ ಬರೆಯುವವರಿಗೆ ಹೇಳಿದರೆ, ಮಾರ್ಚ್ ಒಳಗೆ ಇಳಿಸಲು ಆಗುವುದಿಲ್ಲವೇ ಎಂದು ಕೇಳುತ್ತಾರೆ. ಇಳಿಯುವ ಲಕ್ಷಣ ಕಾಣುವ ಹೊತ್ತಿಗೆ ನಾನು ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಹೊಸ ಮೇಲಧಿಕಾರಿಗಳು ನನ್ನನ್ನು ಭೂತಾಯಿಯ ಮಗಳು ಎಂದರು. ಮಾರನೆಯ ವಾರದಿಂದ ಶೋಭಳ ಬಾಟಲಿಗೆ ಆ ಪ್ರಯೋಗಾಲಯದಲ್ಲಿ ಜಾಗವಿರಲಿಲ್ಲ, ಕುಡಿಯುವ ನೀರು ಕೃಷಿ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವಂತೆ. ನಾನು ಪರಿಚಯದ ಕಾಲೇಜೊಂದರಲ್ಲಿ ಗೋಗರೆದು ಪರೀಕ್ಷೆ ಮಾಡಿಸಿದೆ.

ಮೊನ್ನೆ ಆ ಹಳ್ಳಿಗೆ ಹೋಗಿದ್ದೆ. ಶೋಭ ಈಗ ಪಂಚಾಯಿತಿ ಸದಸ್ಯೆ. ಮಗು ಅಂಗಳದಲ್ಲಿ ಸೈಕಲ್ ತುಳಿಯುತ್ತಿತ್ತು, ಮೊಣಕಾಲಿನ ಗಾಯದಲ್ಲಿ ರಕ್ತ ಕೆಂಪಗಿತ್ತು. ಬಾವಿಯ ನೀರು ಮಿತಿಯ ಹತ್ತಿರಕ್ಕೆ ಬಂದಿದೆ, ಇನ್ನೂ ಒಳಗೆ ಬಂದಿಲ್ಲ. ಜಗಲಿಯಲ್ಲಿ ಚಿಕ್ಕೇಗೌಡರು ಪಕ್ಕದ ದಿಣ್ಣೆಯ ಹೊಲದವನನ್ನು ಕೂರಿಸಿಕೊಂಡು ಉಪದೇಶ ಮಾಡುತ್ತಿದ್ದರು. ಅವನು ಶುಂಠಿಗೆ ಭೂಮಿ ಕೊಡಲು ಹೊರಟಿದ್ದನಂತೆ. ಯಾರಿಗಾದರೂ ಕೊಡು, ಆದರೆ ಕೋಳಿಗೊಬ್ಬರ ಸುರಿಯಬಾರದೆಂದು ಮೊದಲೇ ಮಾತಾಡಿಕೋ, ಬೆಳೆ ತೆಗೆದ ಮೇಲೆ ರಾಗಿ ಹಾಕು ಎಂದು ನನ್ನ ಮಾತುಗಳನ್ನೇ ಒಂದೊಂದಾಗಿ ಹೇಳುತ್ತಿದ್ದರು. ನಾನು ಅಲ್ಲೇ ಕುಳಿತಿದ್ದೇನೆ ಎಂಬುದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಆಮೇಲೆ ಅವರು, ನೈಟ್ರೇಟು ಅನ್ನೋದು ಕಣ್ಣಿಗೆ ಕಾಣದ ಒಂದು ಹುಳ, ಕೋಳಿಗೊಬ್ಬರದಲ್ಲಿ ಮರಿ ಹಾಕಿ ನೀರಿಗೆ ಇಳಿಯುತ್ತದೆ ಎಂದರು.

ಇಷ್ಟು ವರ್ಷದ ಅಭ್ಯಾಸ, ತಡೆಯಲಾಗಲಿಲ್ಲ. "ಹುಳ ಅಲ್ಲ ಗೌಡ್ರೇ, ಅದು ಉಪ್ಪಿನ ಥರ ನೀರಲ್ಲಿ ಕರಗೋ ವಸ್ತು" ಎಂದೆ.

ಚಿಕ್ಕೇಗೌಡರು ನನ್ನ ಕಡೆ ತಿರುಗಿದರು. ಆ ಬಾವಿಕಟ್ಟೆಯ ಸಭೆಯಾದ ಮೇಲೆ ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

"ಉಳಾನೋ ಉಪ್ಪೋ, ಅದ್ ಕಟ್ಕಂಡ್ ನಂಗೇನವ್ವಾ. ಮ್ಯಾಲ್ ಸುರ್ದಿದ್ನ ಕೆಳಗ್ಲ ಮಗು ಕುಡೀತದೆ. ಅಷ್ಟ್ ಗೊತ್ತಾದ್ರೆ ಸಾಕು ಬುಡಿ."